ಬೆರಳಿಗೆ ಸಿಗದ ಬೆನ್ನುಮೂಳೆ: ಮೈ ತೂಕ ಜಾಸ್ತಿ ಇರುವವರ ಸಿಜೇರಿಯನ್‌ಗೆ ಸ್ಕ್ಯಾನ್ ಹೇಗೆ ನೆರವಾಗುತ್ತದೆ

ಒಂದು ಸಲ ಎದ್ದು ನಿಂತು ಎರಡೂ ಕೈಗಳನ್ನು ಸೊಂಟದ ಮೇಲೆ ಇಟ್ಟುಕೊಳ್ಳಿ. ನೀರಿನ ಕೊಡವನ್ನು ಸೊಂಟಕ್ಕೆ ಕೂರಿಸಿಕೊಳ್ಳುತ್ತಾರಲ್ಲ, ಅದೇ ಜಾಗ. ಅಲ್ಲಿ ಮೂಳೆಯ ಗಟ್ಟಿ ಅಂಚು ಕೈಗೆ ಸಿಗುತ್ತದೆ. ಈಗ ಹೆಬ್ಬೆರಳುಗಳನ್ನು ನೇರವಾಗಿ ಹಿಂದಕ್ಕೆ ಚಾಚಿ, ಬೆನ್ನಿನ ನಡುವೆ ಒಂದಕ್ಕೊಂದು ಸೇರಿಸಲು ನೋಡಿ. ಅವು ಸೇರುವ ಕಡೆ ಬೆನ್ನುಮೂಳೆಯ ಗಂಟುಗಳು ಸಾಲಾಗಿ ತಾಗುತ್ತವೆ. ಎರಡು ಗಂಟುಗಳ ನಡುವೆ ಒಂದು ಸಣ್ಣ ತಗ್ಗು. ಸಿಜೇರಿಯನ್‌ಗೆ ಮುಂಚೆ ಬೆನ್ನಿಗೆ ಕೊಡುವ ಇಂಜೆಕ್ಷನ್ ಹೋಗುವುದು ಹೆಚ್ಚುಕಡಿಮೆ ಇಲ್ಲಿಗೇ.

ನಿಮ್ಮಲ್ಲಿ ಕೆಲವರಿಗೆ ಗಂಟು ಸಿಕ್ಕಿರುವುದಿಲ್ಲ. ಸೊಂಟದ ಮೂಳೆಯ ಅಂಚು ಕೂಡ ಸರಿಯಾಗಿ ಸಿಕ್ಕಿರುವುದಿಲ್ಲ. ನಾನು ಬರೆಯಲು ಕೂತಿರುವುದು ಅಂಥ ಬೆನ್ನಿನ ಬಗ್ಗೆ.

ನನ್ನ ತಂಗಿಯ ಮೊದಲ ಹೆರಿಗೆ ಸಿಜೇರಿಯನ್ ಆಯಿತು. ಅವಳ ತೂಕ ಆಗ 90 ಕೆಜಿ ದಾಟಿತ್ತು. ಬೆನ್ನಿನ ಇಂಜೆಕ್ಷನ್‌ಗೆ ಎಷ್ಟು ಸಲ ಚುಚ್ಚಿದರು ಎಂದು ಅವಳಿಗೇ ಲೆಕ್ಕ ತಪ್ಪಿತ್ತು. ಆರೋ ಏಳೋ ಇರಬೇಕು. ಹೊಟ್ಟೆ ಕೊಯ್ದ ನೋವು ಒಂದು ವಾರಕ್ಕೆ ಮರೆತುಹೋಯಿತು. ಮರೆಯದೆ ಉಳಿದದ್ದು ಟೇಬಲ್ ಮೇಲೆ ಕೇಳಿಸಿದ ಒಂದು ಮಾತು: "ಏನಮ್ಮ, ಇಷ್ಟು ದಪ್ಪ ಇದ್ದರೆ ನಾವೇನು ಮಾಡೋದು?" ಅವಳು ಮನೆಗೆ ಬಂದಮೇಲೆ ನನ್ನ ಹತ್ತಿರ ಹೇಳಿದ್ದು ಇಷ್ಟೇ, "ಅಕ್ಕ, ತಪ್ಪು ನಂದೇ ಅನ್ನಿಸಿಬಿಡ್ತು."

ತಪ್ಪು ಅವಳದಲ್ಲ. ಬೆರಳಿಗೆ ಮೂಳೆ ಸಿಗಲಿಲ್ಲ, ಅಷ್ಟೇ. ಬೆರಳಿಗೆ ಸಿಗದಿದ್ದನ್ನು ಕಣ್ಣಿಗೆ ತೋರಿಸುವ ಒಂದು ದಾರಿ ಇದೆ, ಅಲ್ಟ್ರಾಸೌಂಡ್ ಸ್ಕ್ಯಾನ್. ಅದು ಏನು, ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ಅವಳಿಗಾಗಿಯೇ ಓದಿ, ಕೇಳಿ ತಿಳಿದುಕೊಂಡೆ.

ಸೂಜಿ ಹೋಗಬೇಕಾದದ್ದು ಎಲ್ಲಿಗೆ?

ಬೆನ್ನುಮೂಳೆ ಅಂದರೆ ಒಂದರ ಮೇಲೊಂದು ಜೋಡಿಸಿದ ಮಣಿಗಳ ಸರ. ಸೊಂಟದ ಭಾಗದಲ್ಲಿ ಐದು ಮಣಿಗಳಿವೆ. ಸರದ ಒಳಗೆ ಉದ್ದಕ್ಕೂ ಒಂದು ಕೊಳವೆ. ಆ ಕೊಳವೆಯಲ್ಲಿ ಪೊರೆಯ ಚೀಲ, ಚೀಲದಲ್ಲಿ ನೀರಿನಷ್ಟು ತಿಳಿಯಾದ ದ್ರವ, ದ್ರವದಲ್ಲಿ ಬೆನ್ನುಹುರಿ. ಬೆನ್ನುಹುರಿ ಕೆಳಗಿನವರೆಗೂ ಬರುವುದಿಲ್ಲ. ಸಾಮಾನ್ಯವಾಗಿ ಸೊಂಟದ ಮೊದಲನೇ ಮಣಿಯ ಹತ್ತಿರ, ಕೆಲವರಲ್ಲಿ ಎರಡನೇ ಮಣಿಯ ಹತ್ತಿರ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಗೆ ಇರುವುದು ಬಿಡಿಬಿಡಿ ನರಗಳ ಗೊಂಚಲು, ಕುದುರೆಯ ಬಾಲದ ಹಾಗೆ ದ್ರವದಲ್ಲಿ ತೇಲುತ್ತಿರುತ್ತದೆ. ಸೂಜಿ ಬಂದರೆ ಈ ನರಗಳು ಸಾಮಾನ್ಯವಾಗಿ ಪಕ್ಕಕ್ಕೆ ಸರಿದುಕೊಳ್ಳುತ್ತವೆ. ಬೆನ್ನುಹುರಿ ಹಾಗೆ ಸರಿಯಲಾರದು. ಅದಕ್ಕೇ ಮೂರನೇ ಮತ್ತು ನಾಲ್ಕನೇ ಮಣಿಯ ನಡುವೆ, ಇಲ್ಲವೇ ಅದಕ್ಕೂ ಕೆಳಗೆ ಚುಚ್ಚುತ್ತಾರೆ.

ಸೂಜಿಯ ದಾರಿಯಲ್ಲಿ ಮೊದಲು ಚರ್ಮ, ಆಮೇಲೆ ಕೊಬ್ಬು, ಆಮೇಲೆ ಮಣಿಗಳನ್ನು ಹಿಡಿದಿಟ್ಟಿರುವ ನಾರಿನ ಪಟ್ಟಿಗಳು. ಕೊನೆಯ ಪಟ್ಟಿ ಹಳದಿ ಬಣ್ಣದ್ದು, ಗಟ್ಟಿ. ಅದನ್ನು ದಾಟಿ ಪೊರೆಯನ್ನು ತೂರಿದರೆ ಸೂಜಿಯ ಹಿಂಬದಿಯಲ್ಲಿ ಒಂದು ಹನಿ ತಿಳಿನೀರು ಮೂಡುತ್ತದೆ. ಅನಸ್ತೇಶಿಯಾ ಡಾಕ್ಟರ್ ಕಾಯುತ್ತಿರುವುದು ಆ ಹನಿಗೇ. ಅದು ಬಂದ ತಕ್ಷಣ 2 ಎಂ.ಎಲ್. ಆಸುಪಾಸು ಔಷಧಿ ಹಾಕುತ್ತಾರೆ. ಕೆಲವೇ ನಿಮಿಷದಲ್ಲಿ ಎದೆಯ ಕೆಳಗಿನಿಂದ ಕಾಲಿನವರೆಗೆ ಮರಗಟ್ಟುತ್ತದೆ. ತಾಯಿ ಎಚ್ಚರವಾಗಿಯೇ ಇರುತ್ತಾಳೆ. ಮಗುವಿನ ಮೊದಲ ಅಳು ಅವಳಿಗೂ ಕೇಳಿಸುತ್ತದೆ.

ಈ ವಿದ್ಯೆ ಶುರುವಾದದ್ದು 1898ರಲ್ಲಿ. ಜರ್ಮನಿಯ ಕೀಲ್ ಊರಿನ ಸರ್ಜನ್ ಆಗಸ್ಟ್ ಬಿಯರ್ ಬೆನ್ನಿನ ದ್ರವಕ್ಕೆ ಕೊಕೇನ್ ಹಾಕಿ ಕಾಲನ್ನು ಮರಗಟ್ಟಿಸಿ ಆಪರೇಷನ್ ಮಾಡಿದರು. ಆಮೇಲೆ ತಮ್ಮ ಬೆನ್ನನ್ನೇ ಸಹಾಯಕ ಡಾಕ್ಟರ ಸೂಜಿಗೆ ಒಡ್ಡಿ, ತಲೆನೋವಿನಿಂದ ದಿನಗಟ್ಟಲೆ ಹಾಸಿಗೆ ಹಿಡಿದರು. ಅಂದಿನಿಂದ ಸೂಜಿ ಸಣ್ಣದಾಗುತ್ತ ಬಂತು, ಔಷಧಿ ಬದಲಾಯಿತು. ಜಾಗ ಹುಡುಕುವ ರೀತಿ ಮಾತ್ರ ನೂರು ವರ್ಷ ಹಾಗೇ ಉಳಿಯಿತು. ಸೊಂಟದ ಮೂಳೆಯ ಎರಡು ಅಂಚುಗಳನ್ನು ಸೇರಿಸುವ ಗೆರೆಯನ್ನು ಬೆರಳಲ್ಲಿ ಗುರುತಿಸು, ಬೆನ್ನಿನ ಗಂಟು ಮುಟ್ಟಿ ನೋಡು, ತಗ್ಗಿನಲ್ಲಿ ಚುಚ್ಚು. ಈ ಗೆರೆಗೆ ಫ್ರಾನ್ಸಿನ ಸರ್ಜನ್ ಟುಫಿಯೇ ಅವರ ಹೆಸರಿದೆ. ಅದು ನಾಲ್ಕನೇ ಮಣಿಯ ಮೇಲೆ ಅಥವಾ ಅದರ ಕೆಳಗಿನ ಸಂದಿಯ ಮೇಲೆ ಹಾದುಹೋಗುತ್ತದೆ ಎಂಬುದು ಲೆಕ್ಕ.

ಈ ಲೆಕ್ಕ ಎಷ್ಟು ಸರಿ? 2000ದಲ್ಲಿ ಇಂಗ್ಲೆಂಡಿನ ಡಾಕ್ಟರುಗಳು 100 ಜನರ ಬೆನ್ನಿನ ಮೇಲೆ ಅನುಭವಸ್ಥ ಅನಸ್ತೇಶಿಯಾ ತಜ್ಞರಿಂದಲೇ ಗುರುತು ಹಾಕಿಸಿ, ಎಂಆರ್‌ಐ ತೆಗೆದು ತಾಳೆ ನೋಡಿದರು. ತಜ್ಞರು ಹೇಳಿದ ಸಂದಿಯೇ ಆಗಿದ್ದದ್ದು 29% ಸಲ ಮಾತ್ರ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಲ ಅವರು ಅಂದುಕೊಂಡದ್ದಕ್ಕಿಂತ ಒಂದು ಸಂದಿ ಮೇಲೆ ಇದ್ದರು. ಮೈ ದಪ್ಪ ಇದ್ದವರಲ್ಲಿ ಅಂದಾಜು ಇನ್ನಷ್ಟು ತಪ್ಪಿತ್ತು. ನೆನಪಿಡಿ, ಮೇಲಕ್ಕೆ ಹೋದಷ್ಟೂ ಬೆನ್ನುಹುರಿ ಹತ್ತಿರವಾಗುತ್ತದೆ. ಅದಕ್ಕೆ ಸೂಜಿ ತಾಗಿ ಹಾನಿಯಾಗುವುದು ತುಂಬ ಅಪರೂಪ. ಆದರೆ ಹಾಗೇನಾದರೂ ಆಯಿತು ಅಂದರೆ, ಅದು ಜೀವನಪೂರ್ತಿ ಉಳಿಯಬಹುದಾದ ಹಾನಿ.

ತೂಕ ಹೆಚ್ಚಿದ್ದರೆ ಏನೇನು ಬದಲಾಗುತ್ತದೆ

ತೂಕವನ್ನು ಎತ್ತರಕ್ಕೆ ಹೋಲಿಸಿ ನೋಡುವ ಬಿಎಂಐ ಲೆಕ್ಕ ನಿಮಗೆ ಗೊತ್ತಿರಬಹುದು. 155 ಸೆಂ.ಮೀ. ಎತ್ತರದ, ಅಂದರೆ ಐದು ಅಡಿ ಒಂದು ಇಂಚಿನ ಹೆಂಗಸು 72 ಕೆಜಿ ಇದ್ದರೆ ಬಿಎಂಐ 30. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಬೊಜ್ಜು ಅಲ್ಲಿಂದ ಶುರು. 84 ಕೆಜಿ ಆದರೆ 35. ನಮ್ಮಲ್ಲಿ ಇದು ಯಾರೋ ಒಬ್ಬಿಬ್ಬರ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ 30.1% ಜನರ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚಿತ್ತು. ಅದೇ ಸಮೀಕ್ಷೆಯಲ್ಲಿ ರಾಜ್ಯದ ಹೆರಿಗೆಗಳಲ್ಲಿ 31.5% ಸಿಜೇರಿಯನ್. ಈ ಎರಡೂ ಅಂಕಿ ಒಂದೇ ಟೇಬಲ್ ಮೇಲೆ ಕೂಡುವುದು ದಿನಾ ನಡೆಯುವ ಸಂಗತಿ.

ಮೈಯಲ್ಲಿ ಕೊಬ್ಬು ಹೆಚ್ಚಿದ್ದಾಗ ಮೊದಲು ಮುಚ್ಚಿಹೋಗುವುದು ಬೆನ್ನಿನ ನಡುಗೆರೆ. ಗಂಟು ಕೈಗೆ ಸಿಗದಿದ್ದರೆ ನಡು ಎಲ್ಲಿ ಎಂಬುದೇ ಗೊತ್ತಾಗದು. ಚರ್ಮದ ಮೇಲೆ ಕಾಣುವ ಮಡಿಕೆಯನ್ನು ನಂಬಿ ಚುಚ್ಚಿದರೆ ಮೋಸ ಹೋಗಬಹುದು. ಪಕ್ಕಕ್ಕೆ ಮಲಗಿದಾಗಲಂತೂ ಕೊಬ್ಬು ಕೆಳಕ್ಕೆ ಜೋತುಬಿದ್ದು ಮಡಿಕೆಯನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಇಂಥವರನ್ನು ಹೆಚ್ಚಾಗಿ ಕೂರಿಸಿಯೇ ಇಂಜೆಕ್ಷನ್ ಕೊಡುತ್ತಾರೆ. ಸೊಂಟದ ಅಂಚಿನ ಮೇಲೂ ಕೊಬ್ಬಿನ ಪದರ ಇರುವುದರಿಂದ ಕೈಗೆ ತಾಗುವ ಅಂಚು ನಿಜವಾದದ್ದಕ್ಕಿಂತ ಮೇಲಿರುತ್ತದೆ. ಗೆರೆ ಮೇಲೆ ಹೋಯಿತು ಅಂದರೆ ಸೂಜಿಯೂ ಮೇಲಿನ ಸಂದಿಗೆ ಹೋಯಿತು.

ಇದರ ಜೊತೆಗೆ ಬಸುರಿನ ತೊಂದರೆಗಳು. ಒಂಬತ್ತು ತಿಂಗಳ ಹೊಟ್ಟೆ ಇಟ್ಟುಕೊಂಡು ಬೆನ್ನು ಬಗ್ಗಿಸುವುದು ಸುಲಭವಲ್ಲ. ಬೆನ್ನು ಬಗ್ಗಿದರೆ ತಾನೇ ಮಣಿಗಳ ನಡುವಿನ ಸಂದಿ ಅಗಲವಾಗುವುದು? ಬಸುರಿನಲ್ಲಿ ಸೊಂಟದ ತಿರುವು ಹೆಚ್ಚಾಗುತ್ತದೆ, ಬೆನ್ನಲ್ಲಿ ನೀರು ತುಂಬಿ ಊದಿಕೊಂಡಿರುತ್ತದೆ, ನಾರಿನ ಪಟ್ಟಿಗಳು ಮೆತ್ತಗಾಗಿರುತ್ತವೆ. ಸೂಜಿ ಯಾವ ಪದರದಲ್ಲಿದೆ ಎಂದು ಬೆರಳಿಗೆ ತಿಳಿಸುವ ಆ ಗಟ್ಟಿತನವೇ ಕಡಿಮೆಯಾಗಿರುತ್ತದೆ.

ಇನ್ನು ಆಳ. ಇದನ್ನು ನಾನು ಪೆನ್ನು ಪೇಪರ್ ಹಿಡಿದು ಲೆಕ್ಕ ಹಾಕಿದಾಗಲೇ ಸರಿಯಾಗಿ ಅರ್ಥವಾದದ್ದು. ಗುರಿ 4 ಸೆಂ.ಮೀ. ಆಳದಲ್ಲಿದೆ ಎಂದುಕೊಳ್ಳಿ. ಸೂಜಿಯನ್ನು ಹತ್ತೇ ಹತ್ತು ಡಿಗ್ರಿ ವಾರೆಯಾಗಿ ಹಿಡಿದರೆ ತುದಿ ಸುಮಾರು 7 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ಗುರಿ 8 ಸೆಂ.ಮೀ. ಆಳದಲ್ಲಿದ್ದರೆ ಅದೇ ವಾರೆ ತುದಿಯನ್ನು 14 ಮಿ.ಮೀ. ಪಕ್ಕಕ್ಕೆ ಒಯ್ಯುತ್ತದೆ. ಮೂಳೆಗಳ ನಡುವಿನ ಕಿಂಡಿ ಹೆಬ್ಬೆರಳಿನ ಅಗಲದಷ್ಟು ಇದ್ದರೆ ಹೆಚ್ಚು. ತೆಳ್ಳಗಿನವರಲ್ಲಿ ನಡೆದುಹೋಗುವ ಸಣ್ಣ ತಪ್ಪು ಇಲ್ಲಿ ಸೀದಾ ಮೂಳೆಗೆ ಡಿಕ್ಕಿ ಹೊಡೆಸುತ್ತದೆ. ಸೂಜಿಯ ದಪ್ಪ ಅರ್ಧ ಮಿ.ಮೀ. ಅಷ್ಟು ಸಣ್ಣ ಸೂಜಿ ಅಷ್ಟು ಆಳಕ್ಕೆ ಹೋಗುವಾಗ ತಾನೇ ಬಾಗುತ್ತದೆ. ಮಾಮೂಲಿ ಸೂಜಿಯ ಉದ್ದ 9 ಸೆಂ.ಮೀ., ಕೆಲವರಿಗೆ ಅದೇ ಸಾಲದು. 12 ಸೆಂ.ಮೀ. ಸೂಜಿ ಬೇಕಾಗುತ್ತದೆ. ಸಾಲದು ಎಂದು ಗೊತ್ತಾಗುವುದು ಸಾಮಾನ್ಯವಾಗಿ ಪೂರ್ತಿ ಚುಚ್ಚಿ ಆದಮೇಲೆ.

ಹಾಗಾದರೆ ಪೂರ್ತಿ ಪ್ರಜ್ಞೆ ತಪ್ಪಿಸಿಬಿಡಬಹುದಲ್ಲ ಎಂದು ಕೇಳಬಹುದು. ಬಸುರಿಯಲ್ಲಿ, ಅದರಲ್ಲೂ ತೂಕ ಹೆಚ್ಚಿರುವವಳಲ್ಲಿ, ಡಾಕ್ಟರುಗಳು ಸಾಧ್ಯವಾದಷ್ಟು ತಪ್ಪಿಸಲು ನೋಡುವುದು ಅದನ್ನೇ. ಪ್ರಜ್ಞೆ ತಪ್ಪಿಸಿದರೆ ಗಂಟಲಿಗೆ ಉಸಿರಿನ ನಳಿಕೆ ಇಳಿಸಬೇಕು. ಬಸುರಿನಲ್ಲಿ ಗಂಟಲ ಒಳಗೂ ಊತ ಇರುತ್ತದೆ. ಬ್ರಿಟನ್ನಿನಲ್ಲಿ ಹಳೆಯ ವರದಿಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ, ಪ್ರಜ್ಞೆ ತಪ್ಪಿಸಿ ಮಾಡಿದ ಹೆರಿಗೆಯ ಆಪರೇಷನ್‌ಗಳಲ್ಲಿ ಸುಮಾರು 390ಕ್ಕೆ ಒಂದು ಸಲ ನಳಿಕೆ ಇಳಿಸಲು ಆಗಿರಲಿಲ್ಲ. ಇಂಥವರ ಶ್ವಾಸಕೋಶದಲ್ಲಿ ಗಾಳಿಯ ದಾಸ್ತಾನು ಕಡಿಮೆ. ಉಸಿರು ನಿಂತರೆ ಆಮ್ಲಜನಕ ಬೇಗ ಕುಸಿಯುತ್ತದೆ. ಹೊಟ್ಟೆಯ ಹುಳಿನೀರು ಶ್ವಾಸಕೋಶಕ್ಕೆ ಹೋಗುವ ಅಪಾಯ ಬೇರೆ. ಅಂದರೆ ಬೆನ್ನಿನ ಇಂಜೆಕ್ಷನ್ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ, ಅವರಿಗೇ ಅದನ್ನು ಕೊಡುವುದು ಎಲ್ಲರಿಗಿಂತ ಕಷ್ಟ. ನನ್ನನ್ನು ತಡೆದು ನಿಲ್ಲಿಸಿದ್ದು ಈ ಮಾತು.

ಸ್ಕ್ಯಾನ್ ಮೂಳೆಯನ್ನು ತೋರಿಸುವುದು ನೆರಳಿನಿಂದ

ಮಗುವನ್ನು ನೋಡುವ ಅದೇ ಸ್ಕ್ಯಾನ್ ಇದು. ಕೈಯಲ್ಲಿ ಹಿಡಿಯುವ ಪ್ರೋಬ್ ನಮ್ಮ ಕಿವಿಗೆ ಕೇಳಿಸದ ಶಬ್ದವನ್ನು ಮೈಯೊಳಗೆ ಕಳಿಸುತ್ತದೆ. ಒಳಗಿನಿಂದ ಬರುವ ಪ್ರತಿಧ್ವನಿಯನ್ನು ಹಿಡಿದು ಚಿತ್ರ ಮಾಡುತ್ತದೆ. ಹೆಚ್ಚು ಕಂಪನದ ಶಬ್ದ ಕಳಿಸಿದರೆ ಚಿತ್ರ ಚೊಕ್ಕಟ, ಆದರೆ ಆಳಕ್ಕೆ ಹೋಗದು. ಕಡಿಮೆ ಕಂಪನದ್ದು ಆಳಕ್ಕೆ ಹೋಗುತ್ತದೆ, ಚಿತ್ರ ಸ್ವಲ್ಪ ಮಸುಕು. ಬೆನ್ನುಮೂಳೆಗೆ ಬೇಕಾದದ್ದು ಎರಡನೆಯದು, 2ರಿಂದ 5 ಮೆಗಾಹರ್ಟ್ಸ್‌ನ ಬಾಗಿದ ಮುಖದ ಪ್ರೋಬ್.

ಮೂಳೆ ಶಬ್ದವನ್ನು ಒಳಗೆ ಬಿಡುವುದಿಲ್ಲ. ಅದರ ಮೇಲ್ಮೈ ಬೆಳ್ಳಗೆ ಹೊಳೆಯುತ್ತದೆ, ಹಿಂದೆ ಕಪ್ಪು ನೆರಳು. ಮೂಳೆ ಇಲ್ಲದ ಸಂದಿಯಲ್ಲಿ ಮಾತ್ರ ಶಬ್ದ ಒಳಗೆ ನುಗ್ಗಿ, ಪೊರೆಗೆ ಬಡಿದು, ಅದರಾಚೆಯ ಮೂಳೆಗೂ ಬಡಿದು ವಾಪಸ್ ಬರುತ್ತದೆ. ಸೂಜಿಗೆ ದಾರಿ ಇರುವುದೂ ಅದೇ ಸಂದಿಯಲ್ಲಿ. ಶಬ್ದ ತೂರಿದ ಕಡೆ ಸೂಜಿಯೂ ತೂರುತ್ತದೆ! ಈ ಇಡೀ ವಿಧಾನ ನಿಂತಿರುವುದು ಇಷ್ಟರ ಮೇಲೆ.

ಹೆಂಗಸನ್ನು ಟೇಬಲ್ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸುತ್ತಾರೆ. ತಲೆದಿಂಬು ತಬ್ಬಿಕೊಂಡು, ಗದ್ದ ಎದೆಗೆ ತಾಗಿಸಿ, ಮೈ ಮುರಿಯುವ ಬೆಕ್ಕಿನ ಹಾಗೆ ಬೆನ್ನನ್ನು ಹೊರಗೆ ಉಬ್ಬಿಸಬೇಕು. ಬೆನ್ನಿಗೆ ತಣ್ಣನೆಯ ಜೆಲ್ ಹಚ್ಚುತ್ತಾರೆ. ಮೊದಲು ಪ್ರೋಬನ್ನು ನಡುವಿನಿಂದ ಸ್ವಲ್ಪ ಪಕ್ಕಕ್ಕೆ, ಉದ್ದುದ್ದವಾಗಿ ಇಟ್ಟು ಒಳಕ್ಕೆ ವಾಲಿಸುತ್ತಾರೆ. ಆಗ ಪರದೆಯ ಮೇಲೆ ಮಣಿಗಳ ಹಿಂಬದಿ ಗರಗಸದ ಹಲ್ಲಿನ ಹಾಗೆ ಸಾಲಾಗಿ ಕಾಣುತ್ತದೆ. ಕೆಳಕ್ಕೆ ಜಾರಿಸುತ್ತ ಹೋದರೆ ಹಲ್ಲುಗಳು ಮುಗಿದು ಒಂದೇ ಉದ್ದನೆಯ ಬಿಳಿ ಗೆರೆ ಸಿಗುತ್ತದೆ. ಅದು ಬೆನ್ನುಮೂಳೆಯ ಬುಡದಲ್ಲಿರುವ ಸೇಕ್ರಮ್ ಮೂಳೆ. ಈಗ ಲೆಕ್ಕ ಅಲ್ಲಿಂದ ಮೇಲಕ್ಕೆ. ಮೊದಲ ಸಂದಿ ಐದನೇ ಮಣಿಯ ಕೆಳಗಿನದು, ಮುಂದಿನದು ನಾಲ್ಕು-ಐದರ ನಡುವೆ, ಅದರ ಮೇಲಿನದು ಮೂರು-ನಾಲ್ಕರ ನಡುವೆ. ಎಣಿಸಿದಂತೆ ಚರ್ಮದ ಮೇಲೆ ಪೆನ್ನಿನಿಂದ ಗುರುತು. ಊಹೆ ಹೋಯಿತು, ಎಣಿಕೆ ಬಂತು.

ಆಮೇಲೆ ಪ್ರೋಬನ್ನು ಅಡ್ಡ ತಿರುಗಿಸುತ್ತಾರೆ. ಗಂಟಿನ ಮೇಲಿದ್ದರೆ ನಡುವೆ ಉದ್ದನೆಯ ಕಪ್ಪು ನೆರಳು ಬೀಳುತ್ತದೆ. ಆ ನೆರಳನ್ನು ಪರದೆಯ ನಟ್ಟನಡುವೆ ತಂದರೆ ಬೆನ್ನಿನ ನಿಜವಾದ ನಡುಗೆರೆ ಸಿಕ್ಕಂತೆ. ಚೂರು ಮೇಲೆ ಕೆಳಗೆ ಸರಿಸಿದಾಗ ನೆರಳು ಮಾಯವಾಗಿ, ಸಮ ಚಿಹ್ನೆಯ ಹಾಗೆ ಎರಡು ಬಿಳಿ ಗೆರೆಗಳು ಮೂಡುತ್ತವೆ. ಮೇಲಿನ ಗೆರೆ ಹಳದಿ ಪಟ್ಟಿ ಮತ್ತು ಹಿಂಬದಿಯ ಪೊರೆ. ಕೆಳಗಿನದು ಮುಂಬದಿಯ ಪೊರೆ ಮತ್ತು ಮಣಿಯ ದೇಹ. ಎರಡರ ನಡುವಿನ ಕಪ್ಪು ಪಟ್ಟಿಯೇ ಆ ದ್ರವದ ಚೀಲ. ಅಕ್ಕಪಕ್ಕದ ಮೂಳೆಗಳೂ ಸೇರಿ ಇಡೀ ಚಿತ್ರ ರೆಕ್ಕೆ ಬಿಚ್ಚಿದ ಬಾವಲಿಯ ಹಾಗಿರುತ್ತದೆ, ಡಾಕ್ಟರುಗಳು ಕರೆಯುವುದೂ ಬಾವಲಿ ಎಂದೇ. ಒಮ್ಮೆ ಹೇಳಿಕೊಟ್ಟಮೇಲೆ ನನ್ನಂಥವಳ ಕಣ್ಣಿಗೂ ಅದು ಬಾವಲಿಯಾಗಿ ಕಂಡಿತು.

ಚಿತ್ರವನ್ನು ಅಲ್ಲೇ ನಿಲ್ಲಿಸಿ, ಚರ್ಮದಿಂದ ಮೇಲಿನ ಬಿಳಿ ಗೆರೆಯವರೆಗೆ ಅಳೆಯುತ್ತಾರೆ. ಆಳ ಸಿಕ್ಕಿತು. ಪ್ರೋಬನ್ನು ಯಾವ ಓರೆಯಲ್ಲಿ ಹಿಡಿದಾಗ ಚಿತ್ರ ಚೆನ್ನಾಗಿ ಕಂಡಿತೋ, ಸೂಜಿಯನ್ನೂ ಅದೇ ಓರೆಯಲ್ಲಿ ಹಿಡಿಯಬೇಕು. ಪ್ರೋಬಿನ ನಾಲ್ಕು ಬದಿಯಲ್ಲಿ ಗುರುತು ಹಾಕಿ ಅವನ್ನು ಸೇರಿಸಿದರೆ, ಗೆರೆಗಳು ಕೂಡುವ ಚುಕ್ಕೆಯೇ ಸೂಜಿಯ ಬಾಗಿಲು. ಯಾವ ಸಂದಿ, ನಡು ಎಲ್ಲಿ, ಎಷ್ಟು ಆಳ, ಯಾವ ಓರೆ. ಬೆರಳು ಹೇಳಲಾರದೇ ಹೋದ ನಾಲ್ಕೂ ಉತ್ತರ ಕೆಲವು ನಿಮಿಷದಲ್ಲಿ ಕೈಗೆ ಬಂತು. ಉದ್ದನೆಯ ಸೂಜಿ ಬೇಕೋ ಬೇಡವೋ ಎಂಬುದೂ ಚುಚ್ಚುವ ಮೊದಲೇ ತಿಳಿಯಿತು.

ಇಷ್ಟಾದಮೇಲೆ ಜೆಲ್ ಪೂರ್ತಿ ಒರೆಸಿ ತೆಗೆಯುತ್ತಾರೆ, ಅದು ಸೂಜಿಯ ಜೊತೆ ಒಳಗೆ ಹೋಗಬಾರದು. ಬೆನ್ನನ್ನು ಔಷಧಿಯಿಂದ ಶುದ್ಧ ಮಾಡಿ, ಬಟ್ಟೆ ಹೊದಿಸಿ, ಮಾಮೂಲಿಯಂತೆ ಇಂಜೆಕ್ಷನ್. ಸೂಜಿ ಹೋಗುವಾಗ ಸ್ಕ್ಯಾನ್ ನಡೆಯುತ್ತಿರುವುದಿಲ್ಲ. ಒಂದು ಕೈಯಲ್ಲಿ ಪ್ರೋಬ್, ಇನ್ನೊಂದರಲ್ಲಿ ಸೂಜಿ ಹಿಡಿದು ನೋಡುತ್ತಲೇ ಚುಚ್ಚುವ ವಿಧಾನವೂ ಇದೆ. ಆದರೆ ಅದಕ್ಕೆ ಮೂರನೇ ಕೈ ಬೇಕು ಅನ್ನಿಸುವಷ್ಟು ಕಷ್ಟ. ಹೆರಿಗೆಯ ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ಹೆಚ್ಚಿನವರು ಮಾಡುವುದು ಮೊದಲು ನೋಡಿ ಗುರುತು ಹಾಕಿಕೊಳ್ಳುವ ವಿಧಾನವನ್ನೇ.

ಇಲ್ಲಿ ಒಂದು ಸೂಕ್ಷ್ಮ ಇದೆ. ಗುರುತು ಇರುವುದು ಚರ್ಮದ ಮೇಲೆ. ಚರ್ಮ ಕೊಬ್ಬಿನ ಮೇಲೆ ಜಾರುತ್ತದೆ. ಗುರುತು ಹಾಕಿದಮೇಲೆ ಅವಳು ಸ್ವಲ್ಪ ನೆಟ್ಟಗೆ ಕೂತರೂ, ಪಕ್ಕಕ್ಕೆ ವಾಲಿದರೂ ಚುಕ್ಕೆ ಒಳಗಿನ ಸಂದಿಯಿಂದ ಸರಿದುಹೋಗುತ್ತದೆ. ಪ್ರೋಬನ್ನು ಗಟ್ಟಿಯಾಗಿ ಒತ್ತಿ ಹಿಡಿದಿದ್ದರೆ ಕೊಬ್ಬು ಅದುಮಿಕೊಂಡು ಆಳ ಕಡಿಮೆ ತೋರಿಸಿರುತ್ತದೆ. ಆದ್ದರಿಂದ "ಅಲ್ಲಾಡಬೇಡಿ ಅಮ್ಮ, ಹೀಗೇ ಇರಿ" ಎಂದು ಅವರು ಪದೇಪದೇ ಹೇಳಿದರೆ ಅದನ್ನು ಗದರಿಕೆ ಅಂದುಕೊಳ್ಳಬೇಡಿ. ಆ ಚುಕ್ಕೆಯನ್ನು ಉಳಿಸಿಕೊಳ್ಳಲು ಅವರು ನಿಮ್ಮ ಸಹಾಯ ಕೇಳುತ್ತಿದ್ದಾರೆ.

ಇದರಿಂದ ನಿಜವಾಗಿ ಲಾಭ ಇದೆಯೇ?

ಇದೆ, ಮತ್ತು ಅದು ಎಲ್ಲರಿಗೂ ಒಂದೇ ತರ ಇಲ್ಲ. 2011ರಲ್ಲಿ ಕೆನಡಾದ ಒಂದು ಅಧ್ಯಯನ ಪ್ರಕಟವಾಯಿತು. ಮೂಳೆಯ ಆಪರೇಷನ್‌ಗೆ ಬಂದ, ಬೆನ್ನಿನ ಗುರುತು ಸರಿಯಾಗಿ ಸಿಗದ 120 ಜನರನ್ನು ಎರಡು ಗುಂಪು ಮಾಡಿದರು. ಬೆರಳಿನಿಂದ ಹುಡುಕಿದ ಗುಂಪಿನಲ್ಲಿ ಮೊದಲ ಚುಚ್ಚಿಗೇ ಜಾಗ ಸಿಕ್ಕಿದ್ದು 32% ಜನರಿಗೆ. ಸ್ಕ್ಯಾನ್ ಮಾಡಿದ ಗುಂಪಿನಲ್ಲಿ 65% ಜನರಿಗೆ. 2019ರಲ್ಲಿ ಚೀನಾದಿಂದ ಬಂದ ಅಧ್ಯಯನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಅದರಲ್ಲಿದ್ದವರು ಸಿಜೇರಿಯನ್‌ಗೆ ಬಂದ, ಬೊಜ್ಜು ಇದ್ದ 80 ಹೆಂಗಸರು. ಮೊದಲ ಯತ್ನದಲ್ಲೇ ಯಶಸ್ಸು ಸಿಕ್ಕಿದ್ದು ಬೆರಳಿಗೆ 52.5%, ಸ್ಕ್ಯಾನ್‌ಗೆ 87.5%. ಅದಕ್ಕೂ ಮುಂಚೆ, 2013ರಲ್ಲಿ, 14 ಅಧ್ಯಯನಗಳ 1,334 ಜನರ ಮಾಹಿತಿಯನ್ನು ಒಟ್ಟು ಮಾಡಿದಾಗ ಸ್ಕ್ಯಾನ್ ಬಳಸಿದ ಕಡೆ ಯತ್ನ ಪೂರ್ತಿ ವಿಫಲವಾಗುವುದು ಸುಮಾರು ಐದನೇ ಒಂದು ಭಾಗಕ್ಕೆ ಇಳಿದಿತ್ತು.

ಆದರೆ ಗಂಟುಗಳು ಬೆರಳಿಗೆ ಸಲೀಸಾಗಿ ಸಿಗುವ ತೆಳ್ಳಗಿನವರಲ್ಲಿ ಮಾಡಿದ ಕೆಲವು ಅಧ್ಯಯನಗಳಲ್ಲಿ ಸ್ಕ್ಯಾನ್‌ನಿಂದ ಹೆಚ್ಚೇನೂ ಲಾಭ ಕಾಣಲಿಲ್ಲ. ಅದು ಸಹಜವೇ. ಬೀದಿದೀಪ ಉರಿಯುತ್ತಿರುವ ಕಡೆ ಟಾರ್ಚ್ ಯಾಕೆ ಬೇಕು? ಎಲ್ಲರಿಗೂ ಸ್ಕ್ಯಾನ್ ಮಾಡಲೇಬೇಕು ಎಂದು ನಾನು ಹೇಳುವುದಿಲ್ಲ. ಬೆರಳಿಗೆ ಸಿಗದ ಬೆನ್ನಿಗೆ ಇದು ಮೊದಲ ಚುಚ್ಚಿಗೂ ಮುಂಚೆಯೇ ಬರಬೇಕು ಎಂಬುದು ಮಾತ್ರ ನನ್ನ ಗಟ್ಟಿ ಅಭಿಪ್ರಾಯ. ಐದು ಸಲ ಚುಚ್ಚಿ ಸೋತಮೇಲೆ ಮಶಿನ್ ತರಿಸುವುದರಲ್ಲಿ ಅರ್ಥವಿಲ್ಲ. ಅಷ್ಟು ಹೊತ್ತಿಗೆ ಒಳಗೆ ರಕ್ತ ಹೆಪ್ಪುಗಟ್ಟಿ ಚಿತ್ರವೂ ಕೆಡಬಹುದು, ಕೂತವಳ ಧೈರ್ಯವೂ ಮುಗಿದಿರುತ್ತದೆ.

ಮಿತಿಗಳೂ ಇವೆ. ಕೊಬ್ಬು ತುಂಬ ದಪ್ಪ ಇದ್ದರೆ ಶಬ್ದ ದಾರಿಯಲ್ಲೇ ಸೊರಗುತ್ತದೆ, ಬಾವಲಿ ಮಂಜಿನಲ್ಲಿ ನಿಂತ ಹಾಗೆ ಕಾಣುತ್ತದೆ. ಎಷ್ಟೋ ಸಲ ಹಳದಿ ಪಟ್ಟಿಯ ಗೆರೆ ಕಾಣದೆ, ಕೆಳಗಿನ ಗೆರೆ ಮಾತ್ರ ಕಾಣುತ್ತದೆ. ಆಗ ಆಳ ಹೇಳುವುದು ಕಷ್ಟ, ಸಂದಿ ಇದೆ ಎಂಬುದಾದರೂ ಗೊತ್ತಾಗುತ್ತದೆ. ಮಗುವಿನ ಎದೆಬಡಿತ ಕುಸಿಯುತ್ತಿರುವ ತುರ್ತಿನಲ್ಲಿ ಸ್ಕ್ಯಾನ್‌ಗೆ ಪುರುಸೊತ್ತು ಇರದಿರಬಹುದು. ಮತ್ತು ಇದು ನಾಲ್ಕು ಸಲ ನೋಡಿ ಬರುವ ವಿದ್ಯೆಯಲ್ಲ. ಸುಲಭದ ಬೆನ್ನುಗಳ ಮೇಲೆ ಕೈ ಪಳಗಿಸಿಕೊಂಡವರಿಗೆ ಮಾತ್ರ ಕಷ್ಟದ ಬೆನ್ನು ಅರ್ಥವಾಗುತ್ತದೆ. ಹಾಗಾಗಿ ತೆಳ್ಳಗಿನವರಿಗೂ ಆಗಾಗ ಸ್ಕ್ಯಾನ್ ಮಾಡುವ ಡಾಕ್ಟರ್ ಸುಮ್ನೆ ಸಮಯ ಕಳೆಯುತ್ತಿಲ್ಲ.

ನಮ್ಮ ದೇಶದಲ್ಲಿ ಇನ್ನೊಂದು ಅಡ್ಡಿ ಇದೆ, ಹೊರದೇಶದ ಅಧ್ಯಯನಗಳಲ್ಲಿ ಅದರ ಸುಳಿವೇ ಇರುವುದಿಲ್ಲ. ಬೆನ್ನು ನೋಡಲು ಬೇಕಾದ ಆ ಬಾಗಿದ ಪ್ರೋಬ್ ಗರ್ಭವನ್ನೂ ನೋಡುತ್ತದೆ. ಹೆಣ್ಣುಭ್ರೂಣ ಹತ್ಯೆ ತಡೆಯಲು 1994ರಲ್ಲಿ ಬಂದ ಪಿಸಿಪಿಎನ್‌ಡಿಟಿ ಕಾನೂನಿನ ಪ್ರಕಾರ ಇಂಥ ಪ್ರತಿಯೊಂದು ಮಶಿನ್, ಅದನ್ನಿಡುವ ಜಾಗ ನೋಂದಣಿಯಾಗಿರಬೇಕು. ಚೀಲದಲ್ಲಿ ಹಾಕಿಕೊಂಡು ಊರೂರಿಗೆ ಒಯ್ಯುವ ಹಾಗಿಲ್ಲ. ಆ ಕಾನೂನು ಬೇಕೇ ಬೇಕು, ಅದು ಯಾಕೆ ಬಂತು ಎಂಬುದು ನಮಗೆಲ್ಲ ಗೊತ್ತು. ಆದರೆ ಸಣ್ಣ ಊರುಗಳಲ್ಲಿ ಅನಸ್ತೇಶಿಯಾ ಡಾಕ್ಟರುಗಳು ಫೋನ್ ಬಂದಾಗ ಒಂದು ನರ್ಸಿಂಗ್ ಹೋಮಿನಿಂದ ಇನ್ನೊಂದಕ್ಕೆ ಓಡುವವರು. ಸೂಜಿ, ಔಷಧಿ ಅವರ ಚೀಲದಲ್ಲಿರುತ್ತವೆ, ಸ್ಕ್ಯಾನ್ ಮಶಿನ್ ಇರುವಂತಿಲ್ಲ. ಆಸ್ಪತ್ರೆಯೇ ನೋಂದಣಿ ಮಾಡಿಸಿ ಓಟಿಗೆ ಒಂದು ಮಶಿನ್ ಕೊಟ್ಟರೆ ಮಾತ್ರ ಇದು ಸಾಧ್ಯ. ತೀವ್ರ ನಿಗಾ ಘಟಕದಲ್ಲಿ, ನರಗಳಿಗೆ ಇಂಜೆಕ್ಷನ್ ಕೊಡುವಲ್ಲಿ ಅದೇ ಮಶಿನ್ ಬಳಕೆಯಾಗುತ್ತದೆ. ಒಂದು ಬೆನ್ನಿಗಾಗಿ ಇಷ್ಟು ಖರ್ಚೇ ಎಂದು ಕೇಳುವವರಿಗೆ ಹೇಳಬಹುದಾದ ಮಾತು ಇದು.

ಹೋಗುವ ಮುಂಚೆ ಏನು ಕೇಳಬಹುದು

ನಿಮ್ಮ ಮನೆಯಲ್ಲಿ ಯಾರಾದರೂ ಬಸುರಿ ಇದ್ದು, ತೂಕ ಹೆಚ್ಚಿದ್ದರೆ, ಏಳೆಂಟನೇ ತಿಂಗಳಲ್ಲೇ ಒಂದು ಸಲ ಅನಸ್ತೇಶಿಯಾ ಡಾಕ್ಟರನ್ನು ಭೇಟಿ ಮಾಡಿಸಿ. ಹೆರಿಗೆ ಡಾಕ್ಟರನ್ನು ಕೇಳಿದರೆ ವ್ಯವಸ್ಥೆ ಮಾಡುತ್ತಾರೆ. ಅವರು ಬೆನ್ನು ಮುಟ್ಟಿ ನೋಡಲಿ. ಗಂಟು ಸಿಗುತ್ತದೆಯೇ, ಸಿಗದಿದ್ದರೆ ಓಟಿಯಲ್ಲಿ ಸ್ಕ್ಯಾನ್ ಇದೆಯೇ, ಉದ್ದನೆಯ ಸೂಜಿ ಇದೆಯೇ ಎಂದು ಸಂಕೋಚ ಬಿಟ್ಟು ಕೇಳಿ. ಹಿಂದಿನ ಹೆರಿಗೆಯಲ್ಲಿ ಇಂಜೆಕ್ಷನ್ ಕಷ್ಟ ಆಗಿದ್ದರೆ ಅದನ್ನು ಮೊದಲು ಹೇಳಿ. ಆ ಮಾಹಿತಿ ಅವರಿಗೆ ಬಿಎಂಐಗಿಂತ ಹೆಚ್ಚು ಉಪಯೋಗ. ಉಸಿರಾಟ, ಗಂಟಲು, ಬಿಪಿ, ಶುಗರ್ ಎಲ್ಲ ನೋಡಲು ಅವರಿಗೂ ಸಮಯ ಸಿಗುತ್ತದೆ. ನಡುರಾತ್ರಿ ಓಟಿಯ ಬಾಗಿಲಲ್ಲಿ ಮೊದಲ ಸಲ ಮುಖ ನೋಡುವುದಕ್ಕಿಂತ ಇದು ಎಷ್ಟೋ ವಾಸಿ ಅಲ್ವಾ?

ಬೆನ್ನಿಗೆ ಸೂಜಿ ಹಾಕಿಸಿಕೊಂಡರೆ ಜೀವಮಾನವಿಡೀ ಬೆನ್ನುನೋವು ಎಂಬ ಮಾತು ನಮ್ಮ ಎಲ್ಲ ಮನೆಗಳಲ್ಲಿದೆ. ಚುಚ್ಚಿದ ಜಾಗ ಕೆಲವು ದಿನ ನೋಯುತ್ತದೆ, ಹಲವು ಸಲ ಚುಚ್ಚಿದ್ದರೆ ಇನ್ನೂ ಕೆಲವು ದಿನ. ಹೆರಿಗೆ ನೋವು ತಗ್ಗಿಸಲು ಬೆನ್ನಿಗೆ ಕೊಡುವ ಇನ್ನೊಂದು ಬಗೆಯ ಇಂಜೆಕ್ಷನ್ ಎಪಿಡ್ಯೂರಲ್. ಅದನ್ನು ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ದೀರ್ಘಕಾಲದ ಬೆನ್ನುನೋವಿಗೆ ಸೂಜಿ ಕಾರಣ ಎಂದು ಕಂಡುಬಂದಿಲ್ಲ. ಬಸುರು, ಹೆರಿಗೆ, ಆಮೇಲೆ ಮಗುವನ್ನು ಎತ್ತಿ ಇಳಿಸುವ ದುಡಿತವೇ ಬೆನ್ನಿಗೆ ಸಾಕಷ್ಟು ಭಾರ. ಆ ಹೆದರಿಕೆಯಿಂದ ಬೆನ್ನಿನ ಇಂಜೆಕ್ಷನ್ ಬೇಡ ಎನ್ನಬೇಡಿ.

ತಂಗಿಯ ಎರಡನೇ ಹೆರಿಗೆ ಬೇರೆ ಆಸ್ಪತ್ರೆಯಲ್ಲಿ ಆಯಿತು. ತೂಕ ಮೊದಲಿಗಿಂತ ಜಾಸ್ತಿಯೇ ಇತ್ತು. ಹಳೆಯ ಕತೆಯನ್ನೆಲ್ಲ ಮೊದಲೇ ಹೇಳಿದ್ದಳು. ಅಲ್ಲಿನ ಅನಸ್ತೇಶಿಯಾ ಡಾಕ್ಟರ್ ಒಬ್ಬ ಹೆಂಗಸು. ಸ್ಕ್ಯಾನ್ ಮಶಿನನ್ನು ಪಕ್ಕಕ್ಕೆ ಎಳೆದುಕೊಂಡು, "ನಿಮ್ಮ ಬೆನ್ನು ನೋಡ್ತೀನಿ, ಆಮೇಲೆ ಚುಚ್ತೀನಿ" ಎಂದರಂತೆ. 7.5 ಸೆಂ.ಮೀ. ಆಳ ಎಂದು ನರ್ಸ್‌ಗೆ ಬರೆದುಕೊಳ್ಳಲು ಹೇಳಿದ್ದು ತಂಗಿಗೂ ಕೇಳಿಸಿತು. ಮೊದಲ ಸಲ ಸೂಜಿ ಮೂಳೆಗೆ ತಾಗಿತು. ಸ್ವಲ್ಪ ಹಿಂದೆ ತೆಗೆದು ಓರೆ ಬದಲಿಸಿದರು, ಎರಡನೇ ಸಲಕ್ಕೆ ಹನಿ ಬಂತು.

ಎಂಟನೇ ದಿನ ಅಮ್ಮ ಅವಳ ಬೆನ್ನಿಗೆ ಬಿಸಿನೀರು ಹಾಕುತ್ತಿದ್ದಳು. "ಇದೇನೇ ಬೆನ್ನ ಮೇಲೆ ಗೆರೆ ಎಳೆದಿದ್ದಾರೆ?" ಎಂದಳು. ಮಾಸಿದ ನೀಲಿ ಗೆರೆಗಳು ಅಡ್ಡ ಒಂದು, ಉದ್ದ ಒಂದು. ಅವು ಕೂಡುವಲ್ಲಿ ಎಳ್ಳಿನಷ್ಟು ಸಣ್ಣ ಚುಕ್ಕೆ.